ಅಮ್ಮನ ಒಡವೆ ಅಡವಿಟ್ಟು ಟೆಕ್ ಷೇರು ಕೊಳ್ಳಬಹುದೇ?

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನವನು, ವಯಸ್ಸು 29. ನರಸಾಪುರ ಕೈಗಾರಿಕಾ ಪ್ರದೇಶದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂಬಳ ತಿಂಗಳಿಗೆ 42 ಸಾವಿರ ರೂಪಾಯಿ. ಎಂಟು ತಿಂಗಳ ಹಿಂದೆ ನನ್ನ ಉಳಿತಾಯದ 3,40,000 ರೂಪಾಯಿಯನ್ನು ಎಐ, ಸೆಮಿಕಂಡಕ್ಟರ್ ಮತ್ತು ಡೇಟಾ ಸೆಂಟರ್‌ಗೆ ಸಂಬಂಧಪಟ್ಟ ಐದು ಕಂಪನಿಗಳ ಷೇರುಗಳಲ್ಲಿ ಹಾಕಿದೆ. ಈಗ ಅದರ ಮೌಲ್ಯ 6,10,000 ರೂಪಾಯಿ. ಅಮ್ಮನ ಒಡವೆ ಅಡವಿಟ್ಟು ಇನ್ನೂ 5 ಲಕ್ಷ ತಂದು ಹಾಕಬೇಕೆಂದಿದ್ದೇನೆ. ಟೆಲಿಗ್ರಾಂ ಗುಂಪಿನಲ್ಲಿರುವ ಗೆಳೆಯರು ಆಪ್ಷನ್ಸ್‌ನಲ್ಲಿ (ನಿಗದಿತ ದಿನದೊಳಗೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಅಥವಾ ಮಾರುವ ಹಕ್ಕಿನ ವ್ಯವಹಾರದಲ್ಲಿ) ಇದಕ್ಕಿಂತ ಬೇಗ ದುಡ್ಡಾಗುತ್ತದೆ, ಕೆಲಸ ಬಿಟ್ಟು ಇದನ್ನೇ ಮಾಡು ಎನ್ನುತ್ತಿದ್ದಾರೆ. ಟೊಮೆಟೊ ಬೆಳೆಯುವ ನಮ್ಮ ಅಪ್ಪ ಮಾತ್ರ ಇದೆಲ್ಲ ಜೂಜು ಎನ್ನುತ್ತಾರೆ. ಇದು ನಿಜವಾಗಿಯೂ ಗುಳ್ಳೆಯೇ, ಅಂದರೆ ಅತಿಯಾಗಿ ಉಬ್ಬಿದ ಬೆಲೆಯೇ? ಎಲ್ಲವನ್ನೂ ಈಗಲೇ ಮಾರಬೇಕೇ? ಸ್ಟಾಪ್‌ಲಾಸ್ (ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಆದೇಶ) ಹಾಕಿಕೊಂಡರೆ ಸಾಲ ಮಾಡಿದರೂ ಅಪಾಯವಿಲ್ಲ ಅಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ, ಆದರೆ ತುರ್ತಾಗಿ ಉತ್ತರಿಸಬೇಕಾದದ್ದು ಒಂದೇ, ಅದು ಒಡವೆಯದು. ಅದಕ್ಕೆ ನನ್ನ ಉತ್ತರ ಬೇಡ ಎಂದು. ಕಾರಣಗಳನ್ನು ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ. ನಿಮ್ಮ ಆತಂಕವೂ ನನಗೆ ಅರ್ಥವಾಗುತ್ತದೆ. ಕೈಯಲ್ಲಿ ಲಾಭ ಕಾಣುತ್ತಿರುವಾಗ ಇನ್ನಷ್ಟು ಹಾಕಿದ್ದರೆ ಎಷ್ಟಾಗುತ್ತಿತ್ತು ಎಂಬ ಯೋಚನೆ ರಾತ್ರಿ ನಿದ್ದೆ ಕೆಡಿಸುತ್ತದೆ. ಪಕ್ಕದವನು ನಮಗಿಂತ ಬೇಗ ಗಳಿಸುತ್ತಿದ್ದಾನೆ ಎಂದು ಗೊತ್ತಾದರೆ ಅದು ಇನ್ನೂ ಹೆಚ್ಚಾಗುತ್ತದೆ.

ಮೊದಲು ನಿಮ್ಮ ತಂದೆಯವರ ಮಾತನ್ನೇ ತೆಗೆದುಕೊಳ್ಳೋಣ. ಷೇರು ಎಂದರೆ ಒಂದು ಕಂಪನಿಯ ಆಸ್ತಿಯಲ್ಲಿ, ಅದರ ಮುಂದಿನ ಲಾಭದಲ್ಲಿ ಒಂದು ಪಾಲು. ಆದ್ದರಿಂದ ಷೇರು ಕೊಳ್ಳುವುದೆಲ್ಲ ಜೂಜು ಎನ್ನುವುದು ಸರಿಯಲ್ಲ. ಆದರೆ ಯಾವ ಬೆಲೆಗೆ, ಯಾರ ಹಣದಿಂದ ಮತ್ತು ಎಷ್ಟು ದಿನಕ್ಕೆ ಕೊಳ್ಳುತ್ತೇವೆ ಎಂಬುದರ ಮೇಲೆ ಅದು ಜೂಜಿನ ಹತ್ತಿರಕ್ಕೆ ಹೋಗಬಲ್ಲದು, ಮತ್ತು ಆ ವಿಷಯದಲ್ಲಿ ನಿಮ್ಮ ತಂದೆಯವರಿಗೆ ನಿಮಗಿಂತ ಹೆಚ್ಚಿನ ಅನುಭವವಿದೆ ಎಂದು ನಾನು ನಂಬುತ್ತೇನೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿ ಹರಾಜಾದದ್ದು ಅವರಿಗೆ ನೆನಪಿರುತ್ತದೆ. ಆ ಬೆಲೆ ನೋಡಿ ಸಾಲ ಮಾಡಿ ನಾಟಿ ಮಾಡಿದವರ ಹಣ್ಣು ಕೊಯ್ಲಿಗೆ ಬಂದ ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ಇಲ್ಲಿ ಗಮನಿಸಬೇಕಾದದ್ದು, ಟೊಮೆಟೊ ಸುಳ್ಳಾಗಿರಲಿಲ್ಲ, ತಿನ್ನುವವರು ಕಡಿಮೆಯಾಗಿರಲಿಲ್ಲ, ಬೆಳೆದವರು ದಡ್ಡರಾಗಿರಲಿಲ್ಲ. ಬೆಲೆ ಏರಿದ್ದರಿಂದಲೇ ಎಲ್ಲ ಕಡೆಯಿಂದ ಮಾಲು ಬಂತು, ಮಾಲು ಬಂದದ್ದರಿಂದಲೇ ಬೆಲೆ ಬಿತ್ತು.

ಷೇರುಪೇಟೆಯಲ್ಲೂ ಮಾಲು ಬರುತ್ತದೆ, ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಒಂದು ಬಗೆಯ ಷೇರಿಗೆ ಬೇಡಿಕೆ ಹೆಚ್ಚಿದಾಗ ಅದೇ ಬಗೆಯ ಹೊಸ ಕಂಪನಿಗಳು ಸಾಲುಗಟ್ಟಿ ಐಪಿಒಗೆ, ಅಂದರೆ ಮೊದಲ ಬಾರಿ ಸಾರ್ವಜನಿಕರಿಗೆ ಷೇರು ಮಾರಲು, ಬರುತ್ತವೆ, ಇರುವ ಕಂಪನಿಗಳು ಹೊಸ ಷೇರು ಮುದ್ರಿಸಿ ದೊಡ್ಡ ಹೂಡಿಕೆದಾರರಿಗೆ ಮಾರುತ್ತವೆ, ಕಂಪನಿ ಕಟ್ಟಿದ ಪ್ರವರ್ತಕರು ತಮ್ಮ ಪಾಲಿನ ಒಂದಂಶವನ್ನು ಸದ್ದಿಲ್ಲದೆ ಕೈದಾಟಿಸುತ್ತಾರೆ. ಕಂಪನಿಯ ಒಳಹೊರಗು ಬಲ್ಲವರು ಮಾರುತ್ತಿರುವಾಗ ಕೊಳ್ಳುತ್ತಿರುವವರು ಯಾರು ಎಂದು ಕೇಳಿಕೊಳ್ಳಬೇಕು. ನಿಮ್ಮ ಐದು ಕಂಪನಿಗಳಲ್ಲಿ ಕಳೆದ ನಾಲ್ಕು ತ್ರೈಮಾಸಿಕಗಳಲ್ಲಿ ಪ್ರವರ್ತಕರ ಪಾಲು ಎಷ್ಟು ಬದಲಾಗಿದೆ ಎಂಬುದು ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ನೋಡಲು ಅರ್ಧ ಗಂಟೆ ಸಾಕು.

ಈಗ ಗುಳ್ಳೆಯ ಪ್ರಶ್ನೆ. ಎಐ ಎನ್ನುವುದು ಪೊಳ್ಳು, ಆದ್ದರಿಂದ ಇದು ಗುಳ್ಳೆ ಎಂದು ಕೆಲವರು ಹೇಳುತ್ತಾರೆ. ಎಐ ಜಗತ್ತನ್ನೇ ಬದಲಿಸುತ್ತದೆ, ಆದ್ದರಿಂದ ಇದು ಗುಳ್ಳೆಯಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಇಬ್ಬರೂ ತಂತ್ರಜ್ಞಾನವನ್ನೂ ಬೆಲೆಯನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದಾರೆ. ಒಂದು ಲೆಕ್ಕ ನೋಡಿ. ಒಂದು ಷೇರಿನ ಬೆಲೆ 1,800 ರೂಪಾಯಿ, ಆ ಷೇರಿನ ಮೇಲೆ ಕಂಪನಿ ವರ್ಷಕ್ಕೆ ಗಳಿಸುವ ಲಾಭ 15 ರೂಪಾಯಿ ಎಂದಿಟ್ಟುಕೊಳ್ಳಿ. ಅಂದರೆ ಪೇಟೆ ಅದಕ್ಕೆ ಲಾಭದ 120 ಪಟ್ಟು ಬೆಲೆ ಕೊಡುತ್ತಿದೆ. ಕಂಪನಿ ಮುಂದಿನ ಐದು ವರ್ಷ ಒಂದು ವರ್ಷವೂ ತಪ್ಪದೆ 25% ಲಾಭ ಹೆಚ್ಚಿಸಿಕೊಂಡಿತು ಎನ್ನೋಣ, ಇದು ಸಣ್ಣ ಸಾಧನೆಯಲ್ಲ. ಆಗ ಲಾಭ ಸುಮಾರು 45.80 ರೂಪಾಯಿ, ಅಂದರೆ ಮೂರು ಪಟ್ಟು. ಆ ಹೊತ್ತಿಗೆ ಜನರ ಉತ್ಸಾಹ ಇಳಿದು ಪೇಟೆ ಲಾಭದ 30 ಪಟ್ಟು ಮಾತ್ರ ಕೊಡಲು ಸಿದ್ಧವಾಗಿದ್ದರೆ ಷೇರಿನ ಬೆಲೆ 1,373 ರೂಪಾಯಿ. ಕಂಪನಿ ಗೆದ್ದಿತು, ತಂತ್ರಜ್ಞಾನ ಗೆದ್ದಿತು, ಷೇರು ಕೊಂಡವನು ಐದು ವರ್ಷ ಕಾದು ಸುಮಾರು ಕಾಲು ಭಾಗ ಹಣ ಕಳೆದುಕೊಂಡ.

ಇದು ಕಾಗದದ ಲೆಕ್ಕ ಮಾತ್ರವಲ್ಲ. ಇಂಟರ್ನೆಟ್ಟಿನ ಕಾಲದಲ್ಲಿ, 2000ದ ಮಾರ್ಚ್‌ನಲ್ಲಿ, ಜಗತ್ತಿನ ಅತಿ ಬೆಲೆಬಾಳುವ ಕಂಪನಿ ಎನಿಸಿಕೊಂಡದ್ದು ನೆಟ್‌ವರ್ಕ್ ಉಪಕರಣ ತಯಾರಿಸುವ ಸಿಸ್ಕೊ. ಇಂಟರ್ನೆಟ್ ಎಲ್ಲರ ಮನೆಗೂ ಬಂತು, ಸಿಸ್ಕೊ ಮುಳುಗಲಿಲ್ಲ, ಲಾಭವನ್ನೂ ಗಳಿಸುತ್ತಲೇ ಇತ್ತು. ಆದರೂ ಆ ಷೇರು 2002ರ ಹೊತ್ತಿಗೆ 80%ಕ್ಕಿಂತ ಹೆಚ್ಚು ಬಿದ್ದು, ಹಳೆಯ ಗರಿಷ್ಠ ಬೆಲೆಯನ್ನು ಮತ್ತೆ ಮುಟ್ಟಲು 2025ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಒಳ್ಳೆಯ ಕಂಪನಿಯಾದರೆ ಬಿದ್ದರೂ ಏಳುತ್ತದೆ ಎಂದು ನಿಮ್ಮ ಗುಂಪಿನಲ್ಲಿ ಯಾರಾದರೂ ಹೇಳಿದರೆ, ಎಷ್ಟು ವರ್ಷಕ್ಕೆ ಎಂದು ಕೇಳಿ. ಟೆಕ್ ಕಂಪನಿಗಳೇ ಹೆಚ್ಚಿರುವ ಅಮೆರಿಕದ ನಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್ 10ರಂದು 5,048ರಲ್ಲಿತ್ತು. 2002ರ ಅಕ್ಟೋಬರ್ 9ರಂದು 1,114ಕ್ಕೆ ಇಳಿದಿತ್ತು. ಇದು 78% ಕುಸಿತ. ನೂರು ರೂಪಾಯಿ ಇಪ್ಪತ್ತೆರಡಾದ ಮೇಲೆ ಮತ್ತೆ ನೂರಾಗಬೇಕಾದರೆ ನಾಲ್ಕೂವರೆ ಪಟ್ಟು ಏರಬೇಕು. ಆ ಸೂಚ್ಯಂಕ ಹಾಗೆ ಏರಲು 2015 ಬರಬೇಕಾಯಿತು.

ಹಾಗಾದರೆ ಈಗಲೇ ಎಲ್ಲ ಮಾರಿ ಹೊರಬರಬೇಕೇ? ಅದನ್ನೂ ನಾನು ಅಷ್ಟು ಸುಲಭವಾಗಿ ಹೇಳಲಾರೆ. ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ ಪೇಟೆಯ ಅತಿರೇಕದ ಉತ್ಸಾಹದ ಬಗ್ಗೆ ಎಚ್ಚರಿಕೆಯ ಮಾತಾಡಿದ್ದು 1996ರ ಡಿಸೆಂಬರ್‌ನಲ್ಲಿ. ಆಗ ನಾಸ್ಡಾಕ್ ಇದ್ದದ್ದು ಸುಮಾರು 1,300ರಲ್ಲಿ. ಅವರ ಮಾತು ನಂಬಿ ಮಾರಿದವರು ಮುಂದಿನ ಮೂರು ವರ್ಷಕ್ಕೂ ಹೆಚ್ಚು ಕಾಲ ಸೂಚ್ಯಂಕ ಸುಮಾರು ನಾಲ್ಕು ಪಟ್ಟಾಗುವುದನ್ನು ನೋಡುತ್ತಾ ಕೂರಬೇಕಾಯಿತು. ಕೊನೆಗೆ 2002ರಲ್ಲಿ ಸೂಚ್ಯಂಕ ಅವರು ಮಾರಿದ ಮಟ್ಟಕ್ಕಿಂತಲೂ ಕೆಳಗಿಳಿಯಿತು. ಗುಳ್ಳೆ ಎಂದು ಗುರುತಿಸುವುದು ಬೇರೆ, ಅದು ಒಡೆಯುವ ದಿನ ಹೇಳುವುದು ಬೇರೆ. ಎರಡನೆಯದನ್ನು ಮಾಡಬಲ್ಲೆ ಎನ್ನುವವರನ್ನು ನಾನು ನಂಬುವುದಿಲ್ಲ, ನಾನೂ ಮಾಡಲಾರೆ. ಆದ್ದರಿಂದ ಯೋಚಿಸಬೇಕಾದದ್ದು ಯಾವ ದಿನ ಬೀಳುತ್ತದೆ ಎಂದಲ್ಲ, ಯಾವ ದಿನ ಬಿದ್ದರೂ ನೀವು ಬದುಕಿ ಉಳಿಯುವಂತೆ ಇದ್ದೀರಾ ಎಂದು.

1999ರಲ್ಲಿ ನಾನು ಕೋಲಾರದ ಒಬ್ಬ ಸಬ್‌ಬ್ರೋಕರ್ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದೆ, ಲೆಕ್ಕಪರಿಶೋಧಕನಾದದ್ದು ಆಮೇಲೆ. ಮಹಡಿಯ ಮೇಲೆ ಒಂದೇ ಕೋಣೆ, ಎರಡು ಕಂಪ್ಯೂಟರ್, ಹತ್ತು ಪ್ಲಾಸ್ಟಿಕ್ ಕುರ್ಚಿ. ಬಂಗಾರಪೇಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ದಿನವೂ ಪೇಟೆ ತೆರೆಯುವ ಮೊದಲೇ ಬಂದು ಗೋಡೆ ಬದಿಯ ಕುರ್ಚಿ ಹಿಡಿಯುತ್ತಿದ್ದರು. ಮಕ್ಕಳ ಹಾಜರಿ ಪುಸ್ತಕದಂಥ ಉದ್ದನೆಯ ಪುಸ್ತಕದಲ್ಲಿ ಗೆರೆ ಎಳೆದು, ತಮ್ಮ ಸಾಫ್ಟ್‌ವೇರ್ ಷೇರುಗಳ ದಿನದ ಬೆಲೆಯನ್ನು ನೀಲಿ ಶಾಯಿಯಲ್ಲಿ ಬರೆದುಕೊಳ್ಳುತ್ತಿದ್ದರು. ನಿವೃತ್ತಿಯ ಹಣ ಒಂದೂವರೆ ವರ್ಷದಲ್ಲಿ ಮೂರು ಪಟ್ಟಾಗಿತ್ತು. ಆಮೇಲೆ ಅವರು ಬದ್ಲಾ ವ್ಯವಸ್ಥೆಯಲ್ಲಿ, ಅಂದರೆ ಪೂರ್ತಿ ಹಣ ಕೊಡದೆ ಬಡ್ಡಿ ಕಟ್ಟುತ್ತಾ ವ್ಯವಹಾರವನ್ನು ಮುಂದಕ್ಕೆ ಹಾಕುವ ಕ್ರಮದಲ್ಲಿ, ತಮ್ಮ ಶಕ್ತಿಗೆ ಮೀರಿ ಕೊಂಡರು. ಕೆಜಿಎಫ್ ಗಣಿಗಳು ಮುಚ್ಚಿದ ವಾರವೇ, 2001ರ ಮಾರ್ಚ್ ಆರಂಭದಲ್ಲಿ, ಪೇಟೆ ಮುರಿಯಿತು. ಮುಂಬೈನ ಬ್ರೋಕರ್ ಕೇತನ್ ಪಾರೇಖ್ ಎತ್ತಿ ಹಿಡಿದಿದ್ದ ಷೇರುಗಳು ಒಂದರ ಹಿಂದೊಂದು ಬಿದ್ದವು. ಮೇಷ್ಟ್ರು ‘ಮಾರಿ’ ಎಂದು ಬೆಳಿಗ್ಗೆಯೇ ಚೀಟಿ ಬರೆದುಕೊಟ್ಟರು. ಪರದೆಯ ಮೇಲೆ ಮಾರುವವರ ಕಡೆ ಲಕ್ಷಗಟ್ಟಲೆ ಷೇರು, ಕೊಳ್ಳುವವರ ಕಡೆ ಸೊನ್ನೆ. ಮರುದಿನವೂ ಸೊನ್ನೆ. ಮೂರನೆಯ ದಿನ ಅವರು ಪುಸ್ತಕ ತೆರೆಯಲಿಲ್ಲ. ಅವರ ಷೇರುಗಳನ್ನು ಕೊನೆಗೆ ಮಾರಿದ್ದು ಅವರಲ್ಲ, ಬಾಕಿ ವಸೂಲಿಗೆ ಬ್ರೋಕರ್. ಅದೂ ಎಲ್ಲರೂ ಮಾರುತ್ತಿದ್ದ ಬೆಲೆಗೆ. ಆ ವರ್ಷ ಜುಲೈನಲ್ಲಿ ಬದ್ಲಾ ನಿಷೇಧವಾಯಿತು. ಸೆಪ್ಟೆಂಬರ್ 21ರಂದು ಸೆನ್ಸೆಕ್ಸ್ 2,600ಕ್ಕೆ ಇಳಿದಾಗ ಕೋಣೆಯಲ್ಲಿ ನಾನೂ ಮಾಲೀಕರೂ ಇಬ್ಬರೇ ಇದ್ದೆವು.

ಮೇಷ್ಟ್ರು ಸಾಲವಿಲ್ಲದೆ ಇದ್ದಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಲಾಭವನ್ನು ಮತ್ತು ಅಸಲಿನ ಒಂದು ಭಾಗವನ್ನು ಮಾತ್ರ. ಅವರನ್ನು ಮುರಿದದ್ದು ಷೇರಿನ ಆಯ್ಕೆಯಲ್ಲ, ಸಾಲ. ಈ ಮಾತನ್ನು ನಿಮ್ಮ ಅಂಕಿಗಳಲ್ಲೇ ನೋಡೋಣ. ಈಗ ನಿಮ್ಮ ಷೇರುಗಳು 40% ಬಿದ್ದರೆ 6,10,000 ರೂಪಾಯಿ 3,66,000 ಆಗುತ್ತದೆ. ಬೇಸರವಾಗುತ್ತದೆ, ಆದರೆ ನೀವು ಹಾಕಿದ 3,40,000ಕ್ಕಿಂತ ಅದು ಇನ್ನೂ ಹೆಚ್ಚೇ. ಒಡವೆ ಮೇಲೆ 5 ಲಕ್ಷ ತಂದು ಹಾಕಿದರೆ ಒಟ್ಟು 11,10,000. ಅದೇ 40% ಕುಸಿತಕ್ಕೆ ಉಳಿಯುವುದು 6,66,000. ಅದರಲ್ಲಿ ಸಾಲದ 5 ಲಕ್ಷ ಕಳೆದರೆ ನಿಮ್ಮದೆನ್ನುವುದು 1,66,000, ಅದೂ ಬಡ್ಡಿ ಕಟ್ಟುವ ಮೊದಲು. ಕುಸಿತ ಒಂದೇ, ಷೇರುಗಳೂ ಅವೇ. ಮೊದಲನೆಯ ದಾರಿಯಲ್ಲಿ ಅಸಲು ಉಳಿಯಿತು, ಎರಡನೆಯದರಲ್ಲಿ ಅಸಲಿನ ಅರ್ಧಕ್ಕಿಂತ ಹೆಚ್ಚು ಹೋಯಿತು, ಒಡವೆ ಬ್ಯಾಂಕಿನಲ್ಲೇ ಇದೆ. ಟೆಕ್ ಷೇರುಗಳಲ್ಲಿ 40% ಕುಸಿತ ಅಪರೂಪವೂ ಅಲ್ಲ. ಒಂದೇ ದಿನದಲ್ಲಿ ಎಷ್ಟಾಗಬಲ್ಲದು ಎನ್ನುವುದಕ್ಕೆ, 2025ರ ಜನವರಿ 27ರಂದು ಚೀನಾದ ಡೀಪ್‌ಸೀಕ್ ಎಂಬ ಎಐ ಕಂಪನಿಯ ಸುದ್ದಿಗೆ ಎಐ ಚಿಪ್‌ಗಳ ಎನ್‌ವಿಡಿಯಾದಂಥ ದೈತ್ಯ ಕಂಪನಿಯ ಷೇರೇ ಸುಮಾರು 17% ಬಿದ್ದದ್ದನ್ನು ನೆನಪಿಸಿಕೊಳ್ಳಿ.

ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ಒಡವೆ ಸಾಲವನ್ನು ಕೃಷಿ ಸಾಲವೆಂದು ಬರೆಸಿಕೊಂಡು ಕಡಿಮೆ ಬಡ್ಡಿಗೆ ಪಡೆಯುವುದು ವಾಡಿಕೆಯಾಗಿದೆ. ನಿಮ್ಮ ತಂದೆಯವರ ಪಹಣಿ ಕೊಟ್ಟು ಹಾಗೆ ತಂದ ಹಣವನ್ನು ಷೇರಿಗೆ ಹಾಕುವುದು ಸಾಲದ ಷರತ್ತಿನ ಉಲ್ಲಂಘನೆ. ಷೇರು ಕೊಳ್ಳಲು ಬ್ರೋಕರ್‌ಗಳೇ ಕೊಡುವ ಮಾರ್ಜಿನ್ ಸಾಲಕ್ಕೂ ನಾನು ಹೇಳುವುದು ಇದೇ ಉತ್ತರ; ಅಲ್ಲಿ ಬಡ್ಡಿಯ ಜೊತೆಗೆ, ಬೆಲೆ ಇಳಿದ ದಿನ ಹೆಚ್ಚುವರಿ ಹಣ ತುಂಬದಿದ್ದರೆ ನಿಮ್ಮ ಷೇರನ್ನು ಅವರೇ ಮಾರುವ ಹಕ್ಕೂ ಇರುತ್ತದೆ.

ಸ್ಟಾಪ್‌ಲಾಸ್ ಬಗ್ಗೆ ನಿಮಗಿರುವ ನಂಬಿಕೆ ಬಹಳ ಜನರಲ್ಲಿದೆ, ಅದು ಅರ್ಧ ಸತ್ಯ. ಪೇಟೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ ಸ್ಟಾಪ್‌ಲಾಸ್ ಉಪಯೋಗಕ್ಕೆ ಬರುತ್ತದೆ. ಆದರೆ 500 ರೂಪಾಯಿಯ ಷೇರಿಗೆ ನೀವು 460ಕ್ಕೆ ಸ್ಟಾಪ್‌ಲಾಸ್ ಹಾಕಿರುವಾಗ, ರಾತ್ರಿ ಬಂದ ಕೆಟ್ಟ ಸುದ್ದಿಗೆ ಅದು ಬೆಳಿಗ್ಗೆ 410ರಲ್ಲೇ ತೆರೆದುಕೊಂಡರೆ, ಮಾರುಕಟ್ಟೆ ಬೆಲೆಯ ಆದೇಶವಾಗಿದ್ದರೆ ಮಾರಾಟವಾಗುವುದು 410ಕ್ಕೆ, ಮಿತಿ ಬೆಲೆಯ ಆದೇಶವಾಗಿದ್ದರೆ ಮಾರಾಟವೇ ಆಗುವುದಿಲ್ಲ. ಸಣ್ಣ ಕಂಪನಿಗಳಲ್ಲಿ ತೊಂದರೆ ಇನ್ನೂ ದೊಡ್ಡದು. ಅವುಗಳಿಗೆ ದಿನಕ್ಕೆ 5% ಸರ್ಕ್ಯೂಟ್ ಮಿತಿ, ಅಂದರೆ ಒಂದು ದಿನದಲ್ಲಿ ಬೆಲೆ ಅದಕ್ಕಿಂತ ಹೆಚ್ಚು ಏರದಂತೆ, ಇಳಿಯದಂತೆ ತಡೆ ಇರಬಹುದು. ಏರುವಾಗ ದಿನವೂ ಅಪ್ಪರ್ ಸರ್ಕ್ಯೂಟ್ ಎಂದು ಸಂತೋಷಪಟ್ಟ ಷೇರು ಇಳಿಯುವಾಗ ದಿನವೂ ಲೋವರ್ ಸರ್ಕ್ಯೂಟ್‌ನಲ್ಲಿ ನಿಂತರೆ, ಆರು ದಿನದಲ್ಲಿ 26% ಹೋಗಿರುತ್ತದೆ, ನಿಮ್ಮ ಆದೇಶ ಇನ್ನೂ ಸಾಲಿನಲ್ಲೇ ಇರುತ್ತದೆ. ಮೇಷ್ಟ್ರಿಗೆ ಆದದ್ದು ಇದೇ.

ಆಪ್ಷನ್ಸ್ ವಿಷಯದಲ್ಲಿ ನಾನು ಉದ್ದ ಮಾತಾಡಬೇಕಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಯನವೇ ಸಾಕು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ 93% ಮಂದಿ ನಷ್ಟ ಅನುಭವಿಸಿದರು. ಎಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಆಪ್ಷನ್ ಕೊಂಡವನು ಬೆಲೆ ಯಾವ ಕಡೆ ಹೋಗುತ್ತದೆ ಎಂಬುದನ್ನು ಸರಿಯಾಗಿ ಹೇಳಿದರೆ ಸಾಲದು, ಅವಧಿ ಮುಗಿಯುವ ದಿನದೊಳಗೆ ಅದು ಸಾಕಷ್ಟು ದೂರ ಹೋಗಬೇಕು. ದಿನ ಕಳೆದಂತೆ ಪ್ರೀಮಿಯಂ, ಅಂದರೆ ಆಪ್ಷನ್‌ಗೆ ಕೊಟ್ಟ ಬೆಲೆ, ತಾನಾಗಿಯೇ ಕರಗುತ್ತದೆ. ನಿಮ್ಮ ಗೆಳೆಯರು ಲಾಭದ ದಿನದ ಪರದೆಯ ಚಿತ್ರ ಕಳಿಸುತ್ತಾರೆ. ಇಡೀ ವರ್ಷದ ಲಾಭ ನಷ್ಟದ ವರದಿಯನ್ನು ಬ್ರೋಕರ್ ಆ್ಯಪ್‌ನಿಂದಲೇ ಇಳಿಸಿಕೊಳ್ಳಬಹುದು, ಅದನ್ನು ತೋರಿಸಿ ಎಂದು ಕೇಳಿ ನೋಡಿ.

ಆ ಟೆಲಿಗ್ರಾಂ ಗುಂಪಿನ ಬಗ್ಗೆಯೂ ಒಂದೆರಡು ಮಾತು. ಸಲಹೆ ಕೊಡುವವರಿಗೆ ಸೆಬಿಯ ನೋಂದಣಿ ಸಂಖ್ಯೆ ಇದೆಯೇ, ಆ ಸಂಖ್ಯೆ ಸೆಬಿಯ ಪಟ್ಟಿಯಲ್ಲಿ ಅದೇ ಹೆಸರಿನಲ್ಲಿ ಸಿಗುತ್ತದೆಯೇ ಎಂದು ನೋಡಿಕೊಳ್ಳಿ. ಗೌರಿಬಿದನೂರಿನ ವ್ಯಾಪಾರಿಯೊಬ್ಬರು ನನ್ನ ಬಳಿ ಬಂದಾಗ ಅವರ ಫೋನಿನ ಆ್ಯಪ್‌ನಲ್ಲಿ 18 ಲಕ್ಷ ಲಾಭ ಕಾಣುತ್ತಿತ್ತು. ಹಣ ವಾಪಸು ಪಡೆಯಲು ಮೊದಲು ತೆರಿಗೆಯೆಂದು 1.8 ಲಕ್ಷ ಕಟ್ಟಬೇಕೆಂದು ಅದರಲ್ಲಿ ಬರೆದಿತ್ತು. ಲಾಭದ ಮೇಲಿನ ತೆರಿಗೆಯನ್ನು ಯಾವ ಬ್ರೋಕರೂ ಹೀಗೆ ಮುಂಗಡವಾಗಿ ಕೇಳುವುದಿಲ್ಲ. ಅವರ ಹೆಸರಿನಲ್ಲಿ ಒಂದು ಷೇರೂ ಇರಲಿಲ್ಲ. ಇಂಥದ್ದು ಕಂಡ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಗಂಟೆಗಳು ಕಳೆದಷ್ಟೂ ಹಣ ತಡೆಯುವುದು ಕಷ್ಟ.

ಕೆಲಸ ಬಿಡುವ ಯೋಚನೆಗೆ ನನ್ನ ವಿರೋಧ ಇನ್ನೊಂದು ಕಾರಣಕ್ಕೆ. ನಿಮ್ಮ ಐದು ಷೇರುಗಳು ನೋಡಲು ಐದಾದರೂ ಬಹುಮಟ್ಟಿಗೆ ಒಂದೇ ಎತ್ತಿನ ಗಾಡಿ: ಮೈಕ್ರೊಸಾಫ್ಟ್, ಗೂಗಲ್, ಅಮೆಜಾನ್, ಮೆಟಾ ಮೊದಲಾದ ಕೆಲವೇ ಕಂಪನಿಗಳು ಡೇಟಾ ಸೆಂಟರ್‌ಗಳ ಮೇಲೆ ಸುರಿಯುತ್ತಿರುವ ಹಣ ನಿಂತರೆ ಐದೂ ಒಟ್ಟಿಗೆ ನಿಲ್ಲುತ್ತವೆ. ನಿಮ್ಮ ಸಂಬಳ ಬರುವುದೂ ಎಲೆಕ್ಟ್ರಾನಿಕ್ಸ್ ಉದ್ಯಮದಿಂದಲೇ. ಜಗತ್ತಿನ ಟೆಕ್ ಬೇಡಿಕೆ ಕುಗ್ಗಿದ ವರ್ಷ ಷೇರು ಬೀಳುವುದೂ ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಲ್ಲುವುದೂ ಒಟ್ಟಿಗೆ ಆಗಬಹುದು. ಅದರ ಮೇಲೆ ಒಡವೆಯ ಬಡ್ಡಿಯೂ ಇದ್ದರೆ ಅದನ್ನು ಕಟ್ಟುವ ಕೈ ಯಾವುದು? ಎಂಟು ತಿಂಗಳ ಏರುಪೇಟೆಯ ಲಾಭ ನಿಮ್ಮ ಕೌಶಲದ ಪರೀಕ್ಷೆಯಲ್ಲ. ಇಳಿಯುವ ಪೇಟೆಯನ್ನೂ ಒಮ್ಮೆ ಸಂಬಳ ಕೈಯಲ್ಲಿರುವಾಗಲೇ ಕಂಡು, ಆ ಅವಧಿಯ ಲೆಕ್ಕವನ್ನೂ ಬರೆದಿಟ್ಟ ಮೇಲೆ ಈ ಪ್ರಶ್ನೆಯನ್ನು ಮತ್ತೆ ಕೇಳಿ.

ಈಗ ಇರುವ ದಾರಿಗಳು. ಪೂರ್ತಿ ಮಾರಿದರೆ ನಿಶ್ಚಿಂತೆ ಸಿಗುತ್ತದೆ. ಆದರೆ ಪೇಟೆ ಇನ್ನೂ ಒಂದು ವರ್ಷ ಏರಿದರೆ ತಡೆದುಕೊಳ್ಳಲಾರದೆ ಹೆಚ್ಚಿನ ಬೆಲೆಗೆ ಮರಳಿ ನುಗ್ಗುವ ಅಪಾಯವಿದೆ, ಹಾಗೆ ಮರಳಿದವರನ್ನು ನಾನು ಬಹಳ ಕಂಡಿದ್ದೇನೆ. ಏನೂ ಮಾಡದೆ ಇದ್ದರೆ ಲಾಭವೂ ಅಸಲೂ ಒಂದೇ ಉದ್ಯಮದ ಮೇಲೆ ನಿಂತಿರುತ್ತವೆ. ನಿಮ್ಮ ಸ್ಥಿತಿಗೆ ನನಗೆ ಸರಿಕಾಣುವುದು ಮೂರನೆಯದು: 3,40,000 ರೂಪಾಯಿಯಷ್ಟು ಷೇರು ಮಾರಿ ಅಸಲನ್ನು ಹೊರತೆಗೆಯಿರಿ, ಉಳಿದ 2,70,000ವನ್ನು ಪೇಟೆಯಲ್ಲೇ ಬಿಡಿ. ಐದರಲ್ಲಿ ಯಾವುದನ್ನು ಮಾರಬೇಕೆಂದರೆ, ಲಾಭವೇ ಇಲ್ಲದೆ ಕಥೆಯ ಮೇಲೆ ಏರಿದ್ದು, ಷೇರು ವಿನಿಮಯ ಕೇಂದ್ರದ ವಿಶೇಷ ನಿಗಾ ಪಟ್ಟಿಯಲ್ಲಿರುವುದು, ಇತ್ತೀಚೆಗೆ ಹೆಸರು ಬದಲಿಸಿ ಟೆಕ್ ಎಂದೋ ಎಐ ಎಂದೋ ಸೇರಿಸಿಕೊಂಡದ್ದು ಮೊದಲು ಹೋಗಲಿ. 2000ದಲ್ಲೂ ಹೆಸರಿಗೆ ಸಾಫ್ಟ್‌ವೇರ್ ಎಂದು ಅಂಟಿಸಿಕೊಂಡ ಕಂಪನಿಗಳನ್ನು ನಾವು ಕಂಡವರೇ.

ಹನ್ನೆರಡು ತಿಂಗಳು ತುಂಬದ ಕಾರಣ ಲಾಭದ ಮೇಲೆ 20% ತೆರಿಗೆ ಮತ್ತು ಸೆಸ್ ಬರುತ್ತದೆ. ಮಾರುವ 3,40,000ದಲ್ಲಿ ಲಾಭದ ಅಂಶ ಒಂದೂವರೆ ಲಕ್ಷದಷ್ಟಿದ್ದರೆ ತೆರಿಗೆ ಸುಮಾರು 31 ಸಾವಿರ. ಆ ಹಣವನ್ನು ಬೇರೆಯಾಗಿ ತೆಗೆದಿಡಿ. ನಾಲ್ಕು ತಿಂಗಳು ಕಾದರೆ ವರ್ಷಕ್ಕೆ 1.25 ಲಕ್ಷ ಲಾಭದವರೆಗೆ ತೆರಿಗೆ ಇಲ್ಲ, ಅದಕ್ಕೆ ಮೇಲ್ಪಟ್ಟು 12.5% ಮಾತ್ರ, ನಿಜ. ಆದರೆ 31 ಸಾವಿರ ಎಂದರೆ ನಿಮ್ಮ ಒಟ್ಟು ಷೇರಿನ 5% ಮಾತ್ರ. ಈ ಷೇರುಗಳು ಅಷ್ಟನ್ನು ಒಂದು ಬೆಳಿಗ್ಗೆಯಲ್ಲಿ ಕಳೆಯಬಲ್ಲವು. ಉಳಿಸಲೇಬೇಕೆಂದರೆ ಅರ್ಧ ಈಗ, ಅರ್ಧ ಆಮೇಲೆ ಮಾರಿ. ಹೊರಬಂದ ಹಣದಲ್ಲಿ ಆರು ತಿಂಗಳ ಮನೆಖರ್ಚನ್ನು ಬ್ಯಾಂಕ್ ಠೇವಣಿಯಲ್ಲಿಟ್ಟು, ಮಿಕ್ಕದ್ದನ್ನು ಇಡೀ ಪೇಟೆಯ ಸೂಚ್ಯಂಕವನ್ನು ಅನುಸರಿಸುವ ಫಂಡಿನಲ್ಲಿ ತಿಂಗಳು ತಿಂಗಳು ಹಾಕುತ್ತಾ ಹೋಗಬಹುದು. ಅಲ್ಲೂ ಇಳಿತ ಇದೆ, ಆದರೆ ಒಂದೇ ಉದ್ಯಮದ ಹಣೆಬರಹಕ್ಕೆ ಕಟ್ಟಿಬಿದ್ದಿರುವುದಿಲ್ಲ.

ನಿಮ್ಮ ತಂದೆಯವರ ಜೊತೆ ಕೂತು ಮಾತಾಡುವಾಗ ಲಾಭದ ಪರದೆಯನ್ನು ತೋರಿಸಬೇಡಿ. ಒಂದು ಹಾಳೆಯಲ್ಲಿ ಹಾಕಿದ್ದೆಷ್ಟು, ಈಗ ಎಷ್ಟು, 40% ಬಿದ್ದರೆ ಎಷ್ಟು, ಒಡವೆ ಸಾಲವಿದ್ದರೆ ಎಷ್ಟು ಎಂದು ನಾಲ್ಕು ಸಾಲು ಬರೆದು ಮುಂದಿಡಿ. ನಾಟಿಗೆ ಎಷ್ಟು, ಔಷಧಿಗೆ ಎಷ್ಟು, ಬಾಕ್ಸಿಗೆ ಎಷ್ಟು ಬಂದರೆ ಗಿಟ್ಟುತ್ತದೆ ಎಂದು ಪ್ರತಿ ಬೆಳೆಗೂ ಲೆಕ್ಕ ಹಾಕುವವರು ಅವರು. ಆ ಹಾಳೆಯನ್ನು ಓದಲು ಅವರಿಗೆ ಎರಡು ನಿಮಿಷ ಸಾಕು. ಆಮೇಲೆ ಉಳಿಸಿಕೊಂಡ 2,70,000ದ ಷೇರುಗಳ ಬಗ್ಗೆ ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ, ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಯಾವ ಷೇರಿನ ಮೇಲೆ ಬಂತೋ ಅದನ್ನು ಮೊದಲು ಓದಿ ತಿಳಿದುಕೊಳ್ಳಿ. ಹಾಗೆಯೇ ಡಿಮ್ಯಾಟ್ ಖಾತೆಗೆ ನಾಮಿನಿಯಾಗಿ ಅಮ್ಮನ ಹೆಸರು ಇದೆಯೇ ಎಂದು ಇವತ್ತೇ ಆ್ಯಪ್ ತೆರೆದು ನೋಡಿ.